ಬೋರ್ಡ್ ನಂಬರ್ ಹಿಡಿದು ಎಸ್.ಪಿ. ರೋಡಿಗೆ: ಸುಟ್ಟ ಹಾರ್ಡ್ ಡ್ರೈವ್‌ಗೆ ಡೋನರ್ ಹುಡುಕಿದ್ದು

ಡ್ರೈವ್ ನನ್ನ ಕೈಗೆ ಬಂದಾಗ ಹಳೇ ಟವೆಲ್ಲಿನಲ್ಲಿ ಸುತ್ತಿತ್ತು. ಶಿರಸಿಯಿಂದ ರಾತ್ರಿ ಬಸ್ ಹತ್ತಿದ ದೊಡ್ಡಪ್ಪ ಅದನ್ನು ಬ್ಯಾಗಿಗೆ ಹಾಕದೆ, ಬೆಂಗಳೂರಿನವರೆಗೂ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದರು. ಅದರಲ್ಲಿ ಇದ್ದಿದ್ದು 140 ಕ್ಯಾಸೆಟ್‌ಗಳ ತಾಳಮದ್ದಳೆ. ಎಂಬತ್ತು, ತೊಂಬತ್ತರ ದಶಕದಲ್ಲಿ ಊರಿನ ಸುತ್ತಮುತ್ತ ಮಳೆಗಾಲದ ರಾತ್ರಿ ನಡೆದ ಕೂಟಗಳನ್ನು ಅವರೇ ಮುಂದೆ ಕೂತು ರೆಕಾರ್ಡ್ ಮಾಡಿದ್ದರು. ಆಮೇಲೆ ಎರಡು ವರ್ಷ ಒಂದೊಂದೇ ಕ್ಯಾಸೆಟ್ ಓಡಿಸಿ ಕಂಪ್ಯೂಟರ್‌ಗೆ ಇಳಿಸಿದ್ದರು. 90 ನಿಮಿಷದ ಒಂದು ಕ್ಯಾಸೆಟ್ ವೇವ್ ಫೈಲ್ ಆದರೆ ಸುಮಾರು 950 ಎಂಬಿ. ಒಟ್ಟು 133 ಜಿಬಿ ಹತ್ತಿರ. ಮಲೆನಾಡಿನ ತೇವಕ್ಕೆ ಕ್ಯಾಸೆಟ್ ಟೇಪಿನ ಮೇಲೆಲ್ಲ ಬಿಳೀ ಬೂಸ್ಟು ಹಿಡಿದಿತ್ತು. ಹೇಗೂ ಇಳಿಸಿ ಆಯ್ತಲ್ಲ ಅಂತ ಅವನ್ನು ಎಸೆದುಬಿಟ್ಟಿದ್ದರು. ಎರಡನೇ ಕಾಪಿ ಎಲ್ಲೂ ಇರಲಿಲ್ಲ.

ಆಗಿದ್ದು ಇಷ್ಟು. ಅದು ಮೇಜಿನ ಮೇಲೆ ಇಡುವ, 3.5 ಇಂಚಿನ, 1 ಟಿಬಿ ಡ್ರೈವ್. ಅದಕ್ಕೆ 12 ವೋಲ್ಟಿನ ಅಡಾಪ್ಟರ್. ಪಕ್ಕದಲ್ಲೇ ಲ್ಯಾಪ್‌ಟಾಪಿನ 19 ವೋಲ್ಟಿನ ಅಡಾಪ್ಟರ್ ಬಿದ್ದಿತ್ತು. ಎರಡರ ಪಿನ್ನೂ ಹೊರಗಿನಿಂದ ನೋಡಲು ಒಂದೇ ಥರ, 5.5 ಮಿಲಿಮೀಟರ್ ದಪ್ಪ. ಒಳಗಿನ ತೂತು ಮಾತ್ರ ಒಂದಕ್ಕೆ 2.1, ಇನ್ನೊಂದಕ್ಕೆ 2.5. ದೊಡ್ಡ ತೂತಿನದ್ದು ಸಣ್ಣ ಕಡ್ಡಿಯ ಮೇಲೆ ಸ್ವಲ್ಪ ಸಡಿಲವಾಗಿ ಕೂತೇಬಿಡುತ್ತದೆ. ಕರೆಂಟ್ ಹೋಗಿ ಬಂದ ಸಂಜೆ, ಅರೆಗತ್ತಲಲ್ಲಿ ಡ್ರೈವಿಗೆ ಲ್ಯಾಪ್‌ಟಾಪಿನ ಅಡಾಪ್ಟರ್ ಚುಚ್ಚಿಕೊಂಡಿತು. ಒಂದು ಸಣ್ಣ ಟಪ್ ಸದ್ದು, ಸುಟ್ಟ ವಾಸನೆ. ಆಮೇಲೆ ಡ್ರೈವ್ ತಿರುಗಲಿಲ್ಲ. ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ, ತಪ್ಪು ಡ್ರೈವಿನದ್ದಲ್ಲ.

ಇಂಥ ಕೇಸಿನಲ್ಲಿ ನನಗೆ ಆಸೆ ಇರುವುದಕ್ಕೆ ಕಾರಣ ಇದೆ. ಹಾರ್ಡ್ ಡ್ರೈವ್ ಅಂದರೆ ನಿಜವಾಗಿ ಎರಡು ವಸ್ತು. ಒಂದು, ಮುಚ್ಚಿದ ಲೋಹದ ಪೆಟ್ಟಿಗೆ. ತಟ್ಟೆಗಳು, ಮೋಟರ್, ತಟ್ಟೆಯನ್ನು ಓದುವ ಹೆಡ್‌ಗಳು ಎಲ್ಲ ಅದರೊಳಗೆ. ಇನ್ನೊಂದು, ಕೆಳಗೆ ಸ್ಕ್ರೂ ಹಾಕಿ ಕೂರಿಸಿದ ಸರ್ಕ್ಯೂಟ್ ಬೋರ್ಡ್. ವೋಲ್ಟೇಜ್ ಜಾಸ್ತಿ ಆದಾಗ ಪೆಟ್ಟು ಮೊದಲು ಬೀಳುವುದು ಬೋರ್ಡಿಗೆ. ಹಾಡು, ಮಾತು, ಫೋಟೋ ಎಲ್ಲ ಇರುವುದು ತಟ್ಟೆಯ ಮೇಲೆ. ಬೋರ್ಡ್ ಸತ್ತರೆ ತಟ್ಟೆ ಸಾಯುವುದಿಲ್ಲ.

ಮೊದಲು ಪ್ಲಾಸ್ಟಿಕ್ ಕೇಸ್ ಬಿಚ್ಚಿ ಡ್ರೈವನ್ನು ಹೊರಗೆ ತೆಗೆದೆ. ಯುಎಸ್‌ಬಿಯನ್ನು ಸಾಟಾ (ಡ್ರೈವಿನ ಸ್ವಂತ ಕನೆಕ್ಷನ್) ಮಾಡುವ ಪುಟ್ಟ ಬೋರ್ಡ್ ಒಂದು ಒಳಗಿರುತ್ತದೆ. ಅದೂ ಸುಟ್ಟಿತ್ತು. ಇಲ್ಲಿ ಒಂದು ಎಚ್ಚರಿಕೆಯ ಮಾತು. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್‌ನಂಥ ಕೆಲವು ಡ್ರೈವ್‌ಗಳಲ್ಲಿ ಈ ಪುಟ್ಟ ಬೋರ್ಡೇ ಎಲ್ಲ ಡೇಟಾವನ್ನು ಗೂಢಲಿಪಿ ಮಾಡಿ ಬರೆಯುತ್ತದೆ. ನೀವು ಪಾಸ್‌ವರ್ಡ್ ಹಾಕದೇ ಇದ್ದರೂ ಬರೆಯುತ್ತದೆ. ಅಂಥದ್ದನ್ನು ಕಸಕ್ಕೆ ಎಸೆದರೆ ಆಮೇಲೆ ಡ್ರೈವ್ ಸರಿಯಾದರೂ ಓದಲು ಸಿಗುವುದು ಬರೀ ಗೊಂದಲ. ನಮ್ಮ ಡ್ರೈವ್ ಆ ಜಾತಿಯದ್ದಲ್ಲ. ಆದರೂ ಆ ಬೋರ್ಡನ್ನು ಕವರಿಗೆ ಹಾಕಿ ಇಟ್ಟುಕೊಂಡೆ.

ಆಮೇಲೆ ಹಳೇ ಕಂಪ್ಯೂಟರಿನ ಪವರ್ ಸಪ್ಲೈ, ಅಂದರೆ ಎಸ್‌ಎಂಪಿಎಸ್ ತೆಗೆದು, ಅದನ್ನು ಆನ್ ಮಾಡಲು ಹಸಿರು ವೈರನ್ನು ಕಪ್ಪು ವೈರಿಗೆ ತಾಗಿಸಿದೆ. ಫ್ಯಾನ್ ತಿರುಗಿತು. ಡ್ರೈವ್ ಸಿಕ್ಕಿಸಿ ಮತ್ತೆ ತಾಗಿಸಿದರೆ ಫ್ಯಾನ್ ಒಂದು ಸಲ ಅಲ್ಲಾಡಿ ನಿಂತಿತು. ಇದು ಒಳ್ಳೆಯ ಸುದ್ದಿಯೇ. ಡ್ರೈವಿನಲ್ಲಿ ಎಲ್ಲೋ ಶಾರ್ಟ್ ಇದೆ, ಅದಕ್ಕೆ ಸಪ್ಲೈ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತಿದೆ ಅಂತ ಅರ್ಥ. 3.5 ಇಂಚಿನ ಡ್ರೈವಿಗೆ ಎರಡು ವೋಲ್ಟೇಜ್ ಬೇಕು. ಚಿಪ್‌ಗಳಿಗೆ 5, ಮೋಟರಿಗೆ 12. ಮಲ್ಟಿಮೀಟರ್ ಹಿಡಿದರೆ 5ರ ಸಾಲು ಸರಿ ಇತ್ತು. 12ರ ಸಾಲು ಮತ್ತು ಗ್ರೌಂಡ್ ನಡುವೆ ಅರ್ಧ ಓಮ್ ಕೂಡ ಇರಲಿಲ್ಲ.

ಬೋರ್ಡಿನ ಆರು ಸ್ಕ್ರೂ ಬಿಚ್ಚಿದೆ. ಟಾರ್ಕ್ಸ್ ಟಿ6, ಆರು ಮೂಲೆಯ ನಕ್ಷತ್ರದ ತಲೆ. ಬೋರ್ಡನ್ನು ಮಗುಚಿದರೆ ಕನೆಕ್ಟರಿನ ಪಕ್ಕ ಎರಡು ಕಪ್ಪು ಡಯೋಡ್‌ಗಳು ಕಾಣುತ್ತವೆ. ಇವಕ್ಕೆ ಟಿವಿಎಸ್ ಡಯೋಡ್ ಅಂತಾರೆ. 5ರ ಸಾಲಿಗೆ ಒಂದು, 12ರ ಸಾಲಿಗೆ ಒಂದು. ಮಾಮೂಲಿ ದಿನಗಳಲ್ಲಿ ಇವು ಸುಮ್ನೆ ಕೂತಿರುತ್ತವೆ. ವೋಲ್ಟೇಜ್ ಮಿತಿ ಮೀರಿದ ತಕ್ಷಣ ತಾವೇ ಶಾರ್ಟ್ ಆಗಿ, ಉಳಿದ ಚಿಪ್‌ಗಳನ್ನು ಉಳಿಸಲು ನೋಡುತ್ತವೆ. ಎಷ್ಟೋ ಡ್ರೈವ್‌ಗಳಲ್ಲಿ ಈ ಒಂದು ಡಯೋಡ್ ತೆಗೆದರೆ ಸಾಕು, ಡ್ರೈವ್ ಮತ್ತೆ ಓಡುತ್ತದೆ. ರಕ್ಷಣೆ ಇಲ್ಲದ ಓಟ ಅದು, ಡೇಟಾ ತೆಗೆದುಕೊಳ್ಳುವಷ್ಟು ಹೊತ್ತಿಗೆ ಸಾಕು. ನಾನೂ ಅದೇ ಆಸೆಯಲ್ಲಿ 12ರ ಡಯೋಡ್ ಕಿತ್ತೆ. ಶಾರ್ಟ್ ಹೋಯಿತು. ಎಸ್‌ಎಂಪಿಎಸ್ ಓಡಿತು. ಡ್ರೈವ್ ಮಾತ್ರ ತಿರುಗಲಿಲ್ಲ. ಎರಡು ಸೆಕೆಂಡಿಗೆ ಮೋಟರ್ ಓಡಿಸುವ ಚಿಪ್ ಬೆರಳು ಇಡಲಾಗದಷ್ಟು ಬಿಸಿ. ತಕ್ಷಣ ಪವರ್ ತೆಗೆದು ಭೂತಗನ್ನಡಿಯಲ್ಲಿ ನೋಡಿದರೆ ಆ ಚಿಪ್ಪಿನ ನಡುವೆ ಸಾಸಿವೆ ಕಾಳಿನಷ್ಟು ದೊಡ್ಡ ಗುಳ್ಳೆ ಎದ್ದಿತ್ತು. ಡಯೋಡ್ ತನ್ನ ಕೈಲಾದದ್ದು ಮಾಡಿತ್ತು. ಅಡಾಪ್ಟರ್ ಜೋರಾಗಿತ್ತು.

ಅಂದರೆ ಬೋರ್ಡೇ ಬದಲಾಗಬೇಕು. ಡೋನರ್ ಬೇಕು, ಅಂದರೆ ತನ್ನ ಬೋರ್ಡ್ ದಾನ ಕೊಡುವ ಇನ್ನೊಂದು ಡ್ರೈವ್.

ಡೋನರ್ ಹುಡುಕುವ ಮೊದಲು ಪೆಟ್ಟಿಗೆಯ ಕಡೆ ಎಲ್ಲ ಸರಿ ಇದೆಯಾ ಅಂತ ಆದಷ್ಟು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಹುಡುಕಾಟವೇ ದಂಡ. ಮೋಟರಿನ ಕಾಂಟ್ಯಾಕ್ಟ್‌ಗಳ ನಡುವೆ ಓಮ್ ನೋಡಿದೆ. ಮೂರು ಸುರುಳಿಯೂ ಒಂದೇ ಲೆಕ್ಕ, ಕೆಲವೇ ಓಮ್. ಒಂದು ಸುರುಳಿ ಹೋಗಿದ್ದರೆ ಇಲ್ಲೇ ವ್ಯತ್ಯಾಸ ಸಿಗುತ್ತಿತ್ತು. ಒಳಗೆ ಹೆಡ್‌ಗಳ ತೋಳಿನ ಮೇಲೆ ಪ್ರೀಆಂಪ್ ಅನ್ನುವ ಸಣ್ಣ ಚಿಪ್ ಇರುತ್ತದೆ. ಅದೂ ಸುಟ್ಟಿದ್ದರೆ ಬೋರ್ಡ್ ಬದಲಾಯಿಸಿ ಪ್ರಯೋಜನ ಇಲ್ಲ. ಅದಕ್ಕೆ ಹೋಗುವ ಪಿನ್ನುಗಳಲ್ಲಿ ಗ್ರೌಂಡಿಗೆ ಶಾರ್ಟ್ ಕಾಣಲಿಲ್ಲ. ಪೂರ್ತಿ ಖಾತ್ರಿ ಅಲ್ಲ, ಆದರೆ ಮುಂದೆ ಹೋಗಲು ಅಷ್ಟು ಸಾಕಾಗಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೊಸಬರು ಎಡವುವುದು ಇಲ್ಲೇ. ಡೋನರ್ ಅಂದ ಕೂಡಲೇ ಎಲ್ಲರೂ ಡ್ರೈವಿನ ಮೇಲಿನ ಲೇಬಲ್ ನೋಡುತ್ತಾರೆ. ಅದೇ ಮಾಡೆಲ್, ಅದೇ 1 ಟಿಬಿ ಸಿಕ್ಕರೆ ಸಾಕು ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದೇ ಮಾಡೆಲ್ ವರ್ಷಗಟ್ಟಲೆ ಮಾರಾಟ ಆಗುತ್ತದೆ, ನಡುವೆ ಒಳಗಿನ ಬೋರ್ಡ್ ಬದಲಾಗಿರುತ್ತದೆ. ಮೇಲಿನ ಲೇಬಲ್ ಮಾತ್ರ ಹಾಗೇ ಇರುತ್ತದೆ. ಬೋರ್ಡ್ ಬೇಕಾದವರು ನೋಡಬೇಕಾದ್ದು ಬೋರ್ಡಿನ ಮೇಲೆ ಅಚ್ಚಾಗಿರುವ ನಂಬರ್. ವೆಸ್ಟರ್ನ್ ಡಿಜಿಟಲ್‌ನಲ್ಲಿ ಅದು 2060 ಅಂತ ಶುರುವಾಗುತ್ತದೆ. ಪಕ್ಕದಲ್ಲಿ ಸ್ಟಿಕರ್ ಮೇಲೆ 2061 ಅಂತ ಇನ್ನೊಂದು ಇರುತ್ತದೆ, ಅದನ್ನು ನೋಡಿ ಗಲಿಬಿಲಿ ಆಗಬಾರದು. ಸೀಗೇಟ್‌ನಲ್ಲಿ 100ರಿಂದ ಶುರುವಾಗುವ ಒಂಬತ್ತು ಅಂಕಿ, ಕೊನೆಗೆ ರೆವ್ (ಆವೃತ್ತಿ) ಅಂತ ಬರೆದು ಒಂದು ಅಕ್ಷರ. ಹಳೇ ಸ್ಯಾಮ್‌ಸಂಗ್‌ನಲ್ಲಿ ಬಿಎಫ್41. ಈ ನಂಬರ್ ಕೂಡಿದರೆ ಕೆಪಾಸಿಟಿ ಬೇರೆ ಆದರೂ ನಡೆಯುತ್ತದೆ. 500 ಜಿಬಿ ಡ್ರೈವಿನ ಬೋರ್ಡ್ 1 ಟಿಬಿ ಡ್ರೈವಿಗೆ ಕೂರುತ್ತದೆ. ನಂಬರಿನ ಜೊತೆಗೆ ಬೋರ್ಡಿನ ದೊಡ್ಡ ಚಿಪ್ ಮತ್ತು ಮೋಟರ್ ಚಿಪ್ಪಿನ ಮೇಲಿನ ಬರಹವೂ ತಾಳೆ ಆದರೆ ಇನ್ನೂ ಒಳ್ಳೆಯದು.

ಆದರೆ ಬೋರ್ಡ್ ತಂದು ಹಾಗೇ ಕೂರಿಸಿದರೆ ಆಗುವುದಿಲ್ಲ. ತುಂಬ ಹಳೇ ಡ್ರೈವ್‌ಗಳಲ್ಲಿ ಆಗುತ್ತಿತ್ತು. ಈಗಿನ ಬೋರ್ಡಿನ ಮೇಲೆ ಎಂಟು ಕಾಲಿನ ಒಂದು ಪುಟ್ಟ ಚಿಪ್ ಇರುತ್ತದೆ. ರಾಮ್ ಅಲ್ಲ, ರೋಮ್. ಫ್ಯಾಕ್ಟರಿಯಲ್ಲಿ ಪ್ರತಿ ಡ್ರೈವನ್ನೂ ಓಡಿಸಿ ನೋಡಿ, ಈ ಡ್ರೈವಿನ ಈ ಹೆಡ್ಡಿಗೆ ಎಷ್ಟು ಕರೆಂಟ್ ಬೇಕು, ಎಷ್ಟು ಸರಿಸಬೇಕು ಅಂತೆಲ್ಲ ಅಳತೆ ಮಾಡಿ ಅದರಲ್ಲಿ ಬರೆದಿಡುತ್ತಾರೆ. ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಹೊಂದದ ಹಾಗೆ ಒಂದು ಡ್ರೈವಿನ ರೋಮ್ ಇನ್ನೊಂದಕ್ಕೆ ಹೊಂದುವುದಿಲ್ಲ. ಹೊಂದದಿದ್ದರೆ ಹೆಡ್ ದಾರಿ ಸಿಗದೆ ಟಿಕ್ ಟಿಕ್ ಅಂತ ಬಡಿದುಕೊಳ್ಳುತ್ತದೆ. ಹಾಗಾಗಿ ಬೋರ್ಡ್ ದಾನಿಯದ್ದು, ರೋಮ್ ನಮ್ಮದು. ಹಳೇ ಬೋರ್ಡನ್ನು ಯಾವ ಕಾರಣಕ್ಕೂ ಎಸೆಯಬೇಡಿ, ಅಂಗಡಿಯವನಿಗೆ ಬದಲಿಗೆ ಕೊಟ್ಟು ಬರಬೇಡಿ. ಕೆಲವು ಬೋರ್ಡ್‌ಗಳಲ್ಲಿ ಈ ಎಂಟು ಕಾಲಿನ ಚಿಪ್ಪಿನ ಜಾಗ ಖಾಲಿ ಇರುತ್ತದೆ, ರೋಮ್ ದೊಡ್ಡ ಚಿಪ್ಪಿನೊಳಗೇ ಇರುತ್ತದೆ. ಅಂಥದ್ದು ಮನೆಯ ಕೆಲಸ ಅಲ್ಲ. ನಮ್ಮದರಲ್ಲಿ ಚಿಪ್ ಇತ್ತು. ಅದನ್ನು ನೋಡಿದಾಗ ಸಮಾಧಾನ ಆಯಿತು.

ರೋಮ್ ತೆಗೆಯುವ ಮೊದಲು ಅದರ ನಕಲು ಇಟ್ಟುಕೊಳ್ಳುವುದು ನನ್ನ ಪದ್ಧತಿ. ಸಿಎಚ್341ಎ ಅನ್ನುವ, ಚಿಪ್ ಓದಿ ಬರೆಯುವ ಅಗ್ಗದ ಪ್ರೋಗ್ರಾಮರ್ ಸಾಧನ ಇದೆ, ಕಂಪ್ಯೂಟರಿನ ಬಯಾಸ್ ಚಿಪ್ ರಿಪೇರಿ ಮಾಡುವವರ ಹತ್ತಿರ ಎಲ್ಲ ಇರುತ್ತದೆ. ಅದರ ಕಪ್ಪು ಬೋರ್ಡಿನದ್ದರಲ್ಲಿ ಒಂದು ಕೊರತೆ. ಚಿಪ್ 3.3 ವೋಲ್ಟಿನದ್ದಾದರೂ ಡೇಟಾ ಪಿನ್ನುಗಳಲ್ಲಿ 5 ವೋಲ್ಟ್ ಬರುತ್ತದೆ. ನನ್ನದನ್ನು ಮೊದಲೇ 3.3ಕ್ಕೆ ತಿದ್ದಿಕೊಂಡಿದ್ದೆ. ಬೋರ್ಡ್ ಮೇಲೇ ಕ್ಲಿಪ್ ಕಚ್ಚಿಸಿ ಮೂರು ಸಲ ಓದಿದೆ. ಮೂರೂ ಬೇರೆ ಬೇರೆ ಬಂದವು. ಕ್ಲಿಪ್ಪಿನಿಂದ ಹೋದ ಕರೆಂಟಿಗೆ ಬೋರ್ಡಿನ ದೊಡ್ಡ ಚಿಪ್ಪೂ ಅರ್ಧ ಎಚ್ಚರ ಆಗಿ ನಡುವೆ ಬಾಯಿ ಹಾಕಿದರೆ ಹೀಗಾಗುತ್ತದೆ. ಹಾಗಾಗಿ ಸುತ್ತ ಬಿಸಿ ತಡೆಯುವ ಹಳದಿ ಕ್ಯಾಪ್ಟಾನ್ ಟೇಪ್ ಅಂಟಿಸಿ, ಫ್ಲಕ್ಸ್ (ಬೆಸುಗೆಗೆ ಹಚ್ಚುವ ಅಂಟು) ಹಚ್ಚಿ, ಬಿಸಿಗಾಳಿಯನ್ನು 350 ಡಿಗ್ರಿಗೆ ಇಟ್ಟು ಚಿಪ್ ಎತ್ತಿದೆ. ಹೊರಗೆ ಓದಿದಾಗ ಮೂರು ಸಲವೂ ಒಂದೇ, 5,24,288 ಬೈಟ್. ಆ ಫೈಲನ್ನು ಪೆನ್ ಡ್ರೈವಿನಲ್ಲಿ ಒಂದು, ನನ್ನ ಮೇಲ್‌ನಲ್ಲಿ ಒಂದು ಇಟ್ಟೆ. ಚಿಪ್ಪನ್ನು ಮಾತ್ರೆಯ ಖಾಲಿ ಹಾಳೆಯ ಗುಳಿಯಲ್ಲಿ ಕೂರಿಸಿ ಟೇಪ್ ಹಾಕಿದೆ.

ಇನ್ನು ಹುಡುಕಾಟ. ಹೊರದೇಶದ ಅಂಗಡಿಗಳು ಬೋರ್ಡ್ ನಂಬರ್ ಪ್ರಕಾರವೇ ಬೋರ್ಡ್ ಮಾರುತ್ತವೆ. ಡ್ರೈವ್ ಕಂಪನಿಗಳು ಬೋರ್ಡನ್ನು ಬಿಡಿಭಾಗ ಅಂತ ಮಾರುವುದಿಲ್ಲ, ಇವೆಲ್ಲ ಹಳೇ ಡ್ರೈವಿನಿಂದ ಬಿಚ್ಚಿದವೇ. ನನಗೆ ಬೇಕಾದ್ದು ಇತ್ತು. ಸಾಗಣೆ, ಕಸ್ಟಮ್ಸ್ ಸೇರಿದರೆ ಹೊಸ ಡ್ರೈವಿನ ಬೆಲೆ, ಜೊತೆಗೆ ವಾರಗಟ್ಟಲೆ ಕಾಯುವುದು. ಬೆಂಗಳೂರಿನಲ್ಲಿದ್ದು ಹಾಗೆ ಮಾಡಲು ಮನಸ್ಸು ಬರಲಿಲ್ಲ. ಚಿಕ್ಕಪೇಟೆ ಮೆಟ್ರೋ ಇಳಿದು ನಡೆದರೆ ಎಸ್.ಪಿ. ರೋಡ್. ಸಾದರ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಂದು ಕ್ಷಣ ಯೋಚಿಸುತ್ತಾರೆ. ಚೆನ್ನೈಗೆ ರಿಚಿ ಸ್ಟ್ರೀಟ್, ದೆಹಲಿಗೆ ನೆಹರೂ ಪ್ಲೇಸ್, ಮುಂಬೈಗೆ ಲ್ಯಾಮಿಂಗ್ಟನ್ ರೋಡ್ ಇದ್ದ ಹಾಗೆ ನಮಗೆ ಇದು ಎಲೆಕ್ಟ್ರಾನಿಕ್ಸ್ ಪೇಟೆ.

ಇಲ್ಲಿ ಒಂದು ಲಾಭದ ವಿಷಯ ಹೇಳಬೇಕು. ಬೋರ್ಡ್ ಬೇಕಾದಾಗ ಓಡುವ ಡ್ರೈವ್ ಕೊಳ್ಳುವ ಅಗತ್ಯವಿಲ್ಲ. ಹೆಡ್ ಹೋಗಿ ಟಿಕ್ ಟಿಕ್ ಅನ್ನುವ ಡ್ರೈವ್, ಬ್ಯಾಡ್ ಸೆಕ್ಟರ್ (ಓದಲಾಗದ ಜಾಗ) ತುಂಬಿದ ಡ್ರೈವ್, ಇವುಗಳ ಬೋರ್ಡ್ ಚೆನ್ನಾಗೇ ಇರುತ್ತದೆ. ಮೋಟರ್ ತಿರುಗುತ್ತಿದೆ ಅಂದರೆ ಮೋಟರ್ ಚಿಪ್ ಬದುಕಿದೆ, ನನಗೆ ಬೇಕಾದ್ದು ಅದೇ. ಹಾಗಾಗಿ ನಾನು ಅಂಗಡಿಗಳಲ್ಲಿ ಕೇಳಿದ್ದು ಡೆಡ್ ಡ್ರೈವ್.

"ಅಣ್ಣ, ಡೆಡ್ ಹಾರ್ಡ್ ಡಿಸ್ಕ್ ಇದ್ಯಾ?"

"ಎಷ್ಟು ಜಿಬಿ?"

"ಜಿಬಿ ಎಷ್ಟಾದ್ರೂ ಪರ್ವಾಗಿಲ್ಲ. ಈ ನಂಬರಿನ ಬೋರ್ಡ್ ಬೇಕು."

ಬೋರ್ಡಿನ ಎರಡೂ ಬದಿಯ ಫೋಟೋವನ್ನು ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ಮಾಡಿಸಿಕೊಂಡು ಹೋಗಿದ್ದೆ. ಫೋನಿನಲ್ಲಿ ತೋರಿಸುವುದಕ್ಕಿಂತ ಇದು ಎಷ್ಟೋ ಮೇಲು. ಅಂಗಡಿಯವರು ಕಾಗದವನ್ನು ಕೈಗೆ ತೆಗೆದುಕೊಂಡು ಡ್ರೈವಿನ ಪಕ್ಕ ಇಟ್ಟು ನೋಡುತ್ತಾರೆ. ಈಗಿನ ಬೋರ್ಡ್‌ಗಳಲ್ಲಿ ಚಿಪ್‌ಗಳೆಲ್ಲ ಒಳಮುಖ, ಆದರೆ ನಂಬರ್ ಸಾಮಾನ್ಯವಾಗಿ ಹೊರಗಡೆಯೇ ಕಾಣುತ್ತದೆ. ಅದನ್ನು ಓದಲು ಸ್ಕ್ರೂ ಬಿಚ್ಚಬೇಕಾಗಿಲ್ಲ.

ಮೊದಲ ಶನಿವಾರ ಹದಿನಾಲ್ಕು ಅಂಗಡಿ ತಿರುಗಿದೆ. ಹೆಚ್ಚಿನವರ ಹತ್ತಿರ ಇರಲಿಲ್ಲ. ಕೆಲವರು ನೋಡಲೂ ಬಿಡಲಿಲ್ಲ, ವ್ಯಾಪಾರದ ಹೊತ್ತು, ಅವರ ಕಷ್ಟ ಅವರಿಗೆ. ಒಂದು ಮಹಡಿ ಅಂಗಡಿಯಲ್ಲಿ ನನ್ನದೇ ಮಾಡೆಲ್, ಅದೇ 1 ಟಿಬಿ, ಲೇಬಲ್ ಕೂಡ ಪಡಿಯಚ್ಚು. ಖುಷಿಯಿಂದ ಮಗುಚಿ ನೋಡಿದರೆ ಬೋರ್ಡ್ ನಂಬರಿನ ಕೊನೆಯ ಮೂರು ಅಂಕಿ ಬೇರೆ. ಮೋಟರ್ ಚಿಪ್ ಕೂರುವ ಜಾಗವೇ ಬೇರೆ ಇತ್ತು. ಅಂಗಡಿಯವರು "ಒಂದೇ ಸಾರ್, ನಡೀತದೆ, ತಗೊಳ್ಳಿ" ಅಂದರು. ಬೇಡ ಅಂದೆ. ಆಗ ತಗೊಂಡಿದ್ದರೆ ಅದು ಕೂರುತ್ತಲೂ ಇತ್ತೇನೋ, ಸ್ಕ್ರೂ ತೂತುಗಳು ಸರಿಯಾಗೇ ಇದ್ದವು. ಕೂರುತ್ತದೆ ಅನ್ನುವುದಕ್ಕೂ ಹೊಂದುತ್ತದೆ ಅನ್ನುವುದಕ್ಕೂ ತುಂಬ ದೂರ ಇದೆ.

ಮರುದಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೂ ಹೋದೆ. ನೆಲದ ಮೇಲೆ ಟಾರ್ಪಲ್ ಹಾಸಿ ಚಾರ್ಜರು, ಸ್ಪೀಕರು, ರಿಮೋಟುಗಳ ನಡುವೆ ಡ್ರೈವ್‌ಗಳನ್ನೂ ಇಟ್ಟಿರುತ್ತಾರೆ. ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಮಗುಚಿದೆ. ಸ್ಯಾಮ್‌ಸಂಗ್, ಹಿಟಾಚಿ ಡ್ರೈವ್‌ಗಳು ಬೇಕಾದಷ್ಟು. ಸ್ಯಾಮ್‌ಸಂಗ್‌ನ ಹಾರ್ಡ್ ಡ್ರೈವ್ ವ್ಯಾಪಾರ 2011ರಲ್ಲೇ ಸೀಗೇಟ್ ಕೈಗೆ ಹೋಯಿತು, ಹಿಟಾಚಿಯದ್ದು 2012ರಲ್ಲಿ ವೆಸ್ಟರ್ನ್ ಡಿಜಿಟಲ್‌ಗೆ. ಈಗ ಜಗತ್ತಿನಲ್ಲಿ ಹಾರ್ಡ್ ಡ್ರೈವ್ ಮಾಡುವವರು ಮೂರೇ ಕಂಪನಿ, ಮೂರನೆಯದು ತೋಷಿಬಾ. ಆ ಹಳೇ ಡ್ರೈವ್ ಇಟ್ಟುಕೊಂಡವರಿಗೆ ಬೋರ್ಡ್ ಸಿಗುವುದು ಇಂಥ ಟಾರ್ಪಲ್ ಮೇಲೆಯೇ. ಅದಕ್ಕೇ ಅವು ಕರಗಿಸುವ ಗುಜರಿಗೆ ಹೋಗುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಅವತ್ತು ನನಗೆ ಏನೂ ಸಿಗಲಿಲ್ಲ.

ಎರಡನೇ ವಾರ ಸಿಕ್ಕಿತು. ಎಸ್.ಪಿ. ರೋಡಿನ ಅಡ್ಡಗಲ್ಲಿಯಲ್ಲಿ, ಸಿಸಿಟಿವಿ ರಿಪೇರಿ ಮಾಡುವ ಸಣ್ಣ ಅಂಗಡಿ. ಇದನ್ನು ಮೊದಲೇ ಯೋಚಿಸಬೇಕಿತ್ತು. ಸಿಸಿಟಿವಿ ರೆಕಾರ್ಡರ್‌ನಲ್ಲಿ ಡ್ರೈವ್ ಹಗಲೂ ರಾತ್ರಿ ಬರೆಯುತ್ತಲೇ ಇರುತ್ತದೆ, ಬೇಗ ಸವೆಯುತ್ತದೆ. ಹಾಗಾಗಿ ಇವರ ಹತ್ತಿರ ಸತ್ತ ಡ್ರೈವ್‌ಗಳ ಗುಡ್ಡೆ ಇರುತ್ತದೆ, ಅದೂ 3.5 ಇಂಚಿನವೇ. ಟೇಬಲ್ ಕೆಳಗಿನ ರಟ್ಟಿನ ಡಬ್ಬ ಎಳೆದು "ನೀವೇ ನೋಡ್ಕೊಳ್ಳಿ" ಅಂದರು. ಒಂಬತ್ತನೇ ಡ್ರೈವ್. 500 ಜಿಬಿ. ಲೇಬಲ್ ಮೇಲೆ ಸೆಕ್ಟರ್ ಲೆಕ್ಕ 976773168. ನನ್ನದಕ್ಕಿಂತ ಬೇರೆ ಮಾಡೆಲ್. ಮಗುಚಿದೆ. ಕಾಗದ ಪಕ್ಕಕ್ಕಿಟ್ಟು ಒಂದೊಂದೇ ಅಂಕಿ ಬೆರಳಿಟ್ಟು ಓದಿದೆ. ಒಂಬತ್ತೂ ಅಂಕಿ ಅದೇ. ರೆವ್ ಅಕ್ಷರವೂ ಅದೇ. ಟಿ6 ಜೇಬಿನಲ್ಲೇ ಇತ್ತು. ಅವರನ್ನು ಕೇಳಿ ಅಲ್ಲೇ ಬೋರ್ಡ್ ಬಿಚ್ಚಿದೆ. ದೊಡ್ಡ ಚಿಪ್ ಅದೇ, ಮೋಟರ್ ಚಿಪ್ ಅದೇ, ಎರಡೂ ಟಿವಿಎಸ್ ಡಯೋಡ್ ಸರಿ. ಮತ್ತೆ ಕೂರಿಸಿ ಅವರ ಟೇಬಲ್ ಮೇಲೆಯೇ ಪವರ್ ಕೊಟ್ಟೆವು. ಮೋಟರ್ ತಿರುಗಿತು, ಹೆಡ್ ನಾಲ್ಕು ಸಲ ಟಿಕ್ ಅಂದು ನಿಂತಿತು. ಅವರಿಗೆ ಅದು ಸತ್ತ ಡ್ರೈವ್. ನನಗೆ ಬೇಕಾದ ಹಾಗೇ ಇತ್ತು. 200 ರೂಪಾಯಿ ಕೊಟ್ಟೆ.

ಇಂಥ ಡ್ರೈವಿನ ತಟ್ಟೆ ಮೇಲೆ ಬೇರೆಯವರ ಮನೆಯ, ಅಂಗಡಿಯ ದೃಶ್ಯ ಇರುತ್ತದೆ. ಅದನ್ನು ನೋಡುವ ಹಕ್ಕು ನಮಗಿಲ್ಲ. ಬೋರ್ಡ್ ತೆಗೆದ ಮೇಲೆ ಆ ಪೆಟ್ಟಿಗೆಗೆ ಡ್ರಿಲ್ ಹಾಕಿ ತಟ್ಟೆ ತೂತು ಮಾಡಿ ಇ-ವೇಸ್ಟ್‌ಗೆ ಕೊಟ್ಟೆ.

ಜೋಡಣೆ ಆ ರಾತ್ರಿಯೇ. ದಾನಿ ಬೋರ್ಡಿನ ರೋಮ್ ಎತ್ತಿ, ಅದರ ನಕಲೂ ಇಟ್ಟುಕೊಂಡು, ನಮ್ಮ ಚಿಪ್ ಕೂರಿಸಿದೆ. ಚಿಪ್ಪಿನ ಮೂಲೆಯ ಚುಕ್ಕಿ ಬೋರ್ಡಿನ ಗುರುತಿಗೆ ಕೂಡಬೇಕು. ತಿರುಗಿಸಿ ಹಾಕಿದರೆ ಚಿಪ್ ಹೋಗುತ್ತದೆ. ಹೆಡ್ಡಿನ ಕಾಂಟ್ಯಾಕ್ಟ್‌ಗಳು ಕೂರುವ ಬಿಂದುಗಳು ಕಪ್ಪಾಗಿದ್ದವು. ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ಆರು ಸ್ಕ್ರೂ ಹಾಕಿ ಪವರ್ ಕೊಟ್ಟೆ.

ಏನೂ ಆಗಲಿಲ್ಲ. ಬಿಸಿ ಇಲ್ಲ, ಸದ್ದಿಲ್ಲ, ತಿರುಗಲಿಲ್ಲ.

ದೊಡ್ಡಪ್ಪ ಹಿಂದೆ ಕುರ್ಚಿಯಲ್ಲಿ ಕೂತಿದ್ದರು. ಏನೂ ಕೇಳಲಿಲ್ಲ. ಎದ್ದು ಹೋಗಿ ಇಬ್ಬರಿಗೂ ಕಷಾಯ ಮಾಡಿಕೊಂಡು ಬಂದರು. ಅಷ್ಟರಲ್ಲಿ ನಾನು ಬೋರ್ಡ್ ಮತ್ತೆ ಬಿಚ್ಚಿ ಭೂತಗನ್ನಡಿ ಹಿಡಿದಿದ್ದೆ. ಅದೇ ಬೋರ್ಡ್ ಅಂಗಡಿಯಲ್ಲಿ ಮೋಟರ್ ತಿರುಗಿಸಿತ್ತು. ಆಮೇಲೆ ಬದಲಾಗಿದ್ದು ಒಂದೇ, ಆ ಎಂಟು ಕಾಲಿನ ಚಿಪ್. ಸೂಜಿಯ ತುದಿಯಲ್ಲಿ ಒಂದೊಂದೇ ಕಾಲನ್ನು ಮುಟ್ಟಿದೆ. ಆರನೇ ಕಾಲು ಕೂದಲೆಳೆಯಷ್ಟು ಅಲ್ಲಾಡಿತು. ಕಾಲು ಸೀಸದ ಮೇಲೆ ಕೂತಿತ್ತು, ಸೀಸದಲ್ಲಿ ಮುಳುಗಿರಲಿಲ್ಲ. ಎಂಟು ಕಾಲಿನ ಚಿಪ್ಪಿನಲ್ಲಿ ಆರನೆಯದು ಕ್ಲಾಕ್, ಅದಿಲ್ಲದೆ ಒಂದು ಬೈಟ್ ಕೂಡ ಹೊರಗೆ ಬರುವುದಿಲ್ಲ. ಫ್ಲಕ್ಸ್ ಹಚ್ಚಿ ಸೋಲ್ಡರಿಂಗ್ ಕಬ್ಬಿಣದ ತುದಿಯನ್ನು ಎಂಟೂ ಕಾಲಿಗೆ ಒಂದೊಂದು ಸಲ ಮುಟ್ಟಿಸಿದೆ. ಸೀಸ ಕಾಲಿನ ಮೇಲೆ ಹತ್ತಿ ಹೊಳೆಯಿತು.

ಮತ್ತೆ ಪವರ್. ಮೊದಲು ಸಣ್ಣ ಗುಂಯ್ ಸದ್ದು, ಅದು ಏರುತ್ತಾ ಹೋಯಿತು. ಹೆಡ್ ಇಳಿದ ಮೆಲು ಸದ್ದು ಒಂದು. ಆಮೇಲೆ ಒಂದೇ ಸಮ ಓಟ. ಕಂಪ್ಯೂಟರ್‌ನಲ್ಲಿ ಮಾಡೆಲ್ ಹೆಸರು ಬಂತು, 1,953,525,168 ಸೆಕ್ಟರ್ ಅಂತ ಬಂತು. ಅದು ಪೂರ್ತಿ 1 ಟಿಬಿ. "ಬಂತು ದೊಡ್ಡಪ್ಪ" ಅಂದೆ. ಅವರು ಕಷಾಯದ ಲೋಟ ಕೆಳಗಿಟ್ಟು ಕೈಮುಗಿದರು.

ಇಲ್ಲಿ ಆತುರ ಮಾಡಿ ಫೋಲ್ಡರ್ ತೆರೆದು ಕಾಪಿ ಶುರು ಮಾಡಬಾರದು. ಡ್ರೈವ್ ಎಷ್ಟು ಹೊತ್ತು ಬದುಕಿರುತ್ತದೋ ಗೊತ್ತಿಲ್ಲ. ವಿಂಡೋಸ್‌ಗೆ ಸಿಕ್ಕಿಸಿದರೆ ಅದು ತನಗೆ ತೋಚಿದ್ದನ್ನು ಬರೆಯಲು ಹೋಗಬಹುದು. ಲಿನಕ್ಸ್‌ನಲ್ಲಿ, ಮೌಂಟ್ ಮಾಡದೆ (ಅಂದರೆ ಒಳಗಿನ ಫೋಲ್ಡರ್‌ಗಳನ್ನು ತೆರೆಯದೆ), ಗ್ನೂ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶದಿಂದ ಸೆಕ್ಟರ್ ಲೆಕ್ಕದಲ್ಲಿ ಇಡೀ ಡ್ರೈವಿನ ಪಡಿಯಚ್ಚನ್ನು ಹೊಸ 2 ಟಿಬಿ ಡ್ರೈವಿಗೆ ತೆಗೆದೆ. ಇದು ಓದಲಾಗದ ಜಾಗ ಬಂದರೆ ಹಟ ಹಿಡಿಯುವುದಿಲ್ಲ, ಬಿಟ್ಟು ಮುಂದೆ ಹೋಗುತ್ತದೆ, ಕೊನೆಗೆ ವಾಪಸ್ ಬಂದು ಮತ್ತೆ ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಆಯಿತು ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ, ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಡ್ರೈವಿನ ಕೆಳಗೆ ಟೇಬಲ್ ಫ್ಯಾನ್ ಇಟ್ಟೆ. ಶುರುವಿನಲ್ಲಿ ಸೆಕೆಂಡಿಗೆ 110 ಎಂಬಿ, ಕೊನೆಗೆ 55ಕ್ಕೆ ಇಳಿಯಿತು. ತಟ್ಟೆಯ ಹೊರಸುತ್ತು ದೊಡ್ಡದು, ಒಳಸುತ್ತು ಸಣ್ಣದು, ಅದಕ್ಕೆ ಈ ಇಳಿತ ಸಹಜ. ಬೆಳಗಿನ ಜಾವ ಮುಗಿದಾಗ ಓದಲಾಗದೆ ಉಳಿದಿದ್ದು ಮೂರು ಕಡೆ, ಒಟ್ಟು 12 ಕೆಬಿ.

ಆ ಮೂರರಲ್ಲಿ ಎರಡು ಖಾಲಿ ಜಾಗ. ಒಂದು ಮಾತ್ರ ಒಂದು ವೇವ್ ಫೈಲಿನೊಳಗೆ, 4096 ಬೈಟ್. ಹಾಡಿನ ಲೆಕ್ಕದಲ್ಲಿ ಅದು ಸೆಕೆಂಡಿನ ನೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಜಾಸ್ತಿ. ಆ ಜಾಗಕ್ಕೇ ಹೋಗಿ ಕೇಳಿದೆವು. ಶಲ್ಯ ಕರ್ಣನಿಗೆ ಬಾಣವನ್ನು ಮತ್ತೆ ಹೂಡು ಅನ್ನುತ್ತಿದ್ದಾನೆ, ಹಿಂದೆ ಹಂಚಿನ ಮೇಲೆ ಮಳೆ ಬೀಳುವ ಸದ್ದು. ಮದ್ದಳೆಯ ಒಂದು ಪೆಟ್ಟಿನ ಜಾಗದಲ್ಲಿ ಸಣ್ಣ ಚಟ್ ಕೇಳಿಸಿತು. ದೊಡ್ಡಪ್ಪ "ಎಲ್ಲಿ?" ಅಂತ ಕೇಳಿದರು. ಮತ್ತೆ ಹಾಕಿದೆ. ಅವರಿಗೆ ಆಗಲೂ ಕೇಳಲಿಲ್ಲ. ಅವರು ಕೇಳುತ್ತಿದ್ದದ್ದು ಮಾತನ್ನು. ಅರ್ಥ ಹೇಳುತ್ತಿದ್ದವರು ಅವರ ಸ್ನೇಹಿತರು, ಈಗ ಇಲ್ಲ.

ಇಷ್ಟು ಓದಿ ಯಾರಾದರೂ ಟಿಕ್ ಟಿಕ್ ಅನ್ನುವ ಡ್ರೈವಿನ ಮುಚ್ಚಳ ಬಿಚ್ಚಲು ಹೊರಟರೆ ದಯವಿಟ್ಟು ನಿಲ್ಲಿ. ಬೋರ್ಡ್ ಹೋದದ್ದು ಬೇರೆ, ಹೆಡ್ ಹೋದದ್ದು ಬೇರೆ. ಹೆಡ್ ತಟ್ಟೆಯ ಮೇಲೆ ಹಾರುವುದು ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ. ನಮ್ಮ ತಲೆಗೂದಲು ಅದಕ್ಕಿಂತ ಸಾವಿರಾರು ಪಟ್ಟು ದಪ್ಪ. ಮನೆಯ ಗಾಳಿಯ ಒಂದು ಧೂಳಿನ ಕಣ ಸಾಕು, ತಟ್ಟೆ ಗೀರಿಹೋಗುತ್ತದೆ. ಅಲ್ಲಿ ಡೋನರ್ ಹುಡುಕುವ ಲೆಕ್ಕವೂ ಬೇರೆ. ಸತ್ತ ಡ್ರೈವ್ ನಡೆಯುವುದಿಲ್ಲ, ಹೆಡ್ ಚೆನ್ನಾಗಿರುವ, ಓಡುವ ಡ್ರೈವೇ ಬೇಕು. ಮಾಡೆಲ್ ಒಂದೇ ಇರಬೇಕು, ಹೆಡ್‌ಗಳ ಸಂಖ್ಯೆ ಒಂದೇ ಇರಬೇಕು, ತಯಾರಾದ ಜಾಗ ಮತ್ತು ತಾರೀಕು ಆದಷ್ಟು ಹತ್ತಿರ ಇರಬೇಕು. ಆಗಲೂ ಹೊಂದುತ್ತದೆ ಅಂತ ಹೇಳಲಾಗದು. ಹೀಲಿಯಂ ತುಂಬಿದ ದೊಡ್ಡ ಡ್ರೈವ್‌ಗಳು 2013ರಿಂದ ಬಂದಿವೆ, ಅವನ್ನು ತೆರೆಯುವ ಮಾತೇ ಇಲ್ಲ. ಸದ್ದು ಕೇಳಿದ ತಕ್ಷಣ ಪವರ್ ತೆಗೆದು, ಧೂಳಿಲ್ಲದ ಕೋಣೆ ಇರುವ ಲ್ಯಾಬಿಗೆ ಕೊಡಿ. ಡೋನರ್ ಹುಡುಕಿ ಕೊಡುವ ಕೆಲಸ ಮಾತ್ರ ನೀವು ಮಾಡಬಹುದು. ಲೇಬಲ್ಲಿನ ಸ್ಪಷ್ಟ ಫೋಟೋ ಇದ್ದರೆ ಅವರಿಗೂ ಅನುಕೂಲ.

ದೊಡ್ಡಪ್ಪ ಎರಡು ಹೊಸ ಡ್ರೈವ್ ತೆಗೆದುಕೊಂಡು ಶಿರಸಿಗೆ ಹೊರಟರು. ಮೂರನೇ ಕಾಪಿ ನನ್ನ ಹತ್ತಿರ ಇದೆ. ದಾನಿ ಬೋರ್ಡ್ ಹಾಕಿದ ಹಳೇ ಡ್ರೈವ್ ಇನ್ನೂ ಓಡುತ್ತದೆ, ಆದರೆ ಕೆಲಸಕ್ಕೆ ಬಳಸುವುದಿಲ್ಲ. ಗುಳ್ಳೆ ಎದ್ದ ಬೋರ್ಡಿನ ಜೊತೆ ಅದನ್ನು ಅದೇ ಟವೆಲ್ಲಿನಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೇನೆ. ಬಸ್ ಹತ್ತಿಸುವಾಗ ಅವರಿಗೆ ಎರಡು ಸುರುಳಿ ಟೇಪ್ ಕೊಟ್ಟಿದ್ದೆ. 12 ವೋಲ್ಟಿನ ಅಡಾಪ್ಟರಿನ ಪಿನ್ನಿಗೂ ಅದು ಕೂರುವ ಡ್ರೈವಿಗೂ ಕೆಂಪು, ಉಳಿದ ಎಲ್ಲಕ್ಕೂ ನೀಲಿ ಸುತ್ತಿ ಅಂದಿದ್ದೆ. ಮೊನ್ನೆ ಫೋಟೋ ಕಳಿಸಿದರು. ಮೇಜಿನ ಮೇಲೆ ಒಂಬತ್ತು ಅಡಾಪ್ಟರ್ ಸಾಲಾಗಿ ಇಟ್ಟಿದ್ದಾರೆ. ಎರಡು ಕೆಂಪು, ಏಳು ನೀಲಿ.